ಸರ್ಕಾರದ ಅಂಗಿ

ಫೌಜಿನ ನೌಕರಿ ಮುಗಿಸಿ ಭಾಂಡುಪ್‌ನ ಚಾಳಿಗೆ ಬಂದು ನೆಲೆಸಿದ ಮೇಲೂ ಸಾಯಬಣ್ಣನ ಮೂಗು ಬೆಳಗಾದರೆ ಹಿತ್ತಾಳೆ ಪಾಲಿಶಿನ ವಾಸನೆಯನ್ನು ಹುಡುಕುತ್ತಿತ್ತು. ಚಾಳಿನಲ್ಲಿ ಸಿಗುತ್ತಿದ್ದುದು ಸ್ಟೋವಿನ ಸೀಮೆಎಣ್ಣೆ, ಮೋರಿಯ ನೀರು, ಆಚೆ ಕಾರ್ಖಾನೆಯ ಹೊಗೆ. ಅವನಿಗೆ ಬೇಕಿದ್ದುದು ಕೊಲಾಬಾದ ಮುಂಜಾನೆಯ ವಾಸನೆ. ಗಂಜಿ ಹಾಕಿದ ಬಟ್ಟೆಯ ಮೇಲೆ ಇಸ್ತ್ರಿ ಹರಿದಾಡಿದಾಗ ಏಳುವ ಬಿಸಿ ಹಬೆ, ಬೂಟಿನ ಕರಿ ಪಾಲಿಶು, ಅದರೊಳಗೆ ಬೆರೆತ ಸಮುದ್ರದ ಉಪ್ಪುಗಾಳಿ. ಆ ಉಪ್ಪುಗಾಳಿಯೇ ಅವನ ದೊಡ್ಡ ವೈರಿಯಾಗಿತ್ತು. ರಾತ್ರಿ ಉಜ್ಜಿ ಬಂಗಾರದಂತೆ ಮಾಡಿಟ್ಟ ಬಕಲ್ಲು ಬೆಳಗಾಗುವುದರೊಳಗೆ ಹಸಿರು ಹಿಡಿದಿರುತ್ತಿತ್ತು. ಮತ್ತೆ ಉಜ್ಜು. ಮರುದಿನ ಮತ್ತೆ ಉಜ್ಜು. ಎಂಥ ಸುಖದ ದಿನಗಳು ಅವು!

ಅವನು ಕ್ಯಾಂಪಿನ ಗೇಟಿನ ಹವಾಲ್ದಾರನಾಗಿದ್ದ. ಬಾಂಗ್ಲಾ ಯುದ್ಧ ಮುಗಿದ ಮರುವರ್ಷದ ಮಾತು ಇದು. ಗೇಟಿನ ಒಳಮಗ್ಗುಲಲ್ಲಿ ಆಳೆತ್ತರದ ಕನ್ನಡಿಯೊಂದಿತ್ತು. ಹೊರಗೆ ಹೋಗುವ ಪ್ರತಿಯೊಬ್ಬ ಸಿಪಾಯಿಯೂ ಮೊದಲು ಅದರೆದುರು ನಿಲ್ಲಬೇಕು, ಆಮೇಲೆ ಸಾಯಬಣ್ಣನೆದುರು ನಿಲ್ಲಬೇಕು. ಕನ್ನಡಿ ಬಿಟ್ಟರೂ ಸಾಯಬಣ್ಣ ಬಿಡುತ್ತಿರಲಿಲ್ಲ. ಹೆಬ್ಬೆರಳನ್ನು ಜೇಬಿನ ಹೊಲಿಗೆಯ ಮೇಲೆ ಎಳೆದು ನೋಡುವನು, ಕಿವಿಯ ಹಿಂದೆ ಬಗ್ಗಿ ನೋಡುವನು, ಬೂಟಿನ ಮೂತಿಯಲ್ಲಿ ತನ್ನ ಮೀಸೆ ಕಾಣದಿದ್ದರೆ ವಾಪಸು ಅಟ್ಟುವನು. ನೇತಾಡುವ ದಾರ ಕಂಡರೆ ಕೊಯ್ಯಲೆಂದು ಒಂದು ಬ್ಲೇಡನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. ಹುಡುಗರು ಅವನ ಬೆನ್ನ ಹಿಂದೆ ‘ಶೀಶಾ ಹವಾಲ್ದಾರ್’, ಕನ್ನಡಿ ಹವಾಲ್ದಾರ, ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಆಗ ಮುಂಬಯಿಗೆ ಮುಂಬಯಿಯೇ ಕೂದಲು ಬಿಟ್ಟಿತ್ತು. ಲೋಕಲ್ಲಿನಲ್ಲಿ ನೋಡಿದರೆ ಕಿವಿ ಕಾಣುವ ಗಂಡಸೇ ಇಲ್ಲ. ಎಲ್ಲರ ಕಾಲಲ್ಲೂ ಬೆಲ್‌ಬಾಟಂ ರಸ್ತೆ ಗುಡಿಸುತ್ತಿತ್ತು. ಸಿನಿಮಾದ ಹುಚ್ಚು ಫೌಜಿನ ಹುಡುಗರನ್ನು ಬಿಟ್ಟೀತೆ? ಒಬ್ಬ ಉದ್ದ ಕೂದಲನ್ನು ನೀರು ಹಚ್ಚಿ ಮೇಲಕ್ಕೆ ಬಾಚಿ ಟೋಪಿಯೊಳಗೆ ಅಡಗಿಸಿಕೊಂಡು ಬಂದ. ಸಾಯಬಣ್ಣ ಬೆತ್ತದ ತುದಿಯಿಂದ ಟೋಪಿ ಎತ್ತಿದ.

“ಟೋಪಿ ಕೆ ಅಂದರ್ ಕ್ಯಾ ಪಾಲಾ ಹೈ ರೇ? ಬಿಲ್ಲಿ?”

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಕ್ಕು ಸಾಕಿದವನನ್ನು ಕ್ಷೌರಿಕನ ಕುರ್ಚಿಗೆ ಕಳಿಸಲಾಯಿತು. ಗೇಟಿನ ಹೊರಗೆ ಕ್ಯಾಂಟೀನು ನಡೆಸುತ್ತಿದ್ದ ಉಡುಪಿಯ ಮೋನಪ್ಪ ಗ್ಲಾಸು ತೊಳೆಯುತ್ತ ಅಲ್ಲಿಂದಲೇ ಕೂಗುತ್ತಿದ್ದ.

“ಎಂತ ಹವಾಲ್ದಾರ್ರೇ, ಇವತ್ತು ಎಷ್ಟು ಜನರ ತಲೆ ತೆಗೆದ್ರಿ? ನನ್ನ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದ್ರೆ ನನ್ನ ಚಹಾ ಯಾರು ಕುಡಿಯುದು ಮಾರಾಯ್ರೆ?”

“ನೀ ಮೊದಲ ನಿನ್ನ ಬನಿಯನ್ ತೂತು ಹೊಲಿಸ್ಕೊ ಮೋನಪ್ಪಾ, ಆಮ್ಯಾಲ ಮಾತಾಡು.”

“ಅದು ತೂತು ಅಲ್ಲ, ಗಾಳಿಗೆ ಬಿಟ್ಟ ಕಿಟಕಿ!”

ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದನೋ ಇಲ್ಲವೋ. ವಿಜಾಪುರ ಜಿಲ್ಲೆಯ ಒಂದು ಊರಿನ ಹೊರಗಿನ ಕೇರಿಯಲ್ಲಿ ಹುಟ್ಟಿದವನು ಸಾಯಬಣ್ಣ. ಆ ಊರಲ್ಲೂ ಗೇಟಿತ್ತು, ಅದರ ಹೆಸರು ಅಗಸಿ. ಅಲ್ಲೂ ತಪಾಸಣೆ ಇತ್ತು. ಅಗಸಿಯ ಕಟ್ಟೆಯ ಮೇಲೆ ಕೂತವರು ಕೇರಿಯ ಗಂಡಸರನ್ನು ಅಡಿಯಿಂದ ಮುಡಿಯವರೆಗೆ ನೋಡುವರು. ಕಾಲಲ್ಲಿ ಚಪ್ಪಲಿ ಇರಬಾರದು, ಕೈಯಲ್ಲಿರಬೇಕು. ಧೋತರ ಮೊಣಕಾಲಿನ ಕೆಳಗೆ ಇಳಿಯಬಾರದು. ಮೀಸೆಯ ತುದಿ ಮೇಲೆ ನೋಡಬಾರದು. ಪಟಗಾದ ಚುಂಗು ಹಾರಾಡಬಾರದು. ಅವನ ಅಪ್ಪ ಆ ತಪಾಸಣೆಯಲ್ಲಿ ಒಂದು ದಿನವೂ ತಪ್ಪಿ ಬೀಳಲಿಲ್ಲ. ಅಷ್ಟು ಸರಿಯಾಗಿ ಬಗ್ಗಿ ನಡೆದ.

ಫೌಜಿಗೆ ಸೇರಿದ ದಿನ ಸಾಯಬಣ್ಣನಿಗೆ ಬೂಟು ಕೊಟ್ಟವನೊಬ್ಬ ಹಿಂದಿಯಲ್ಲಿ ಗದರಿದ: ಇದನ್ನು ಹಾಕದೆ ಹೊರಗೆ ಕಂಡರೆ ಚರ್ಮ ಸುಲಿಯುತ್ತೇನೆ. ಸಾಯಬಣ್ಣ ಅಂದು ಬ್ಯಾರಕ್ಕಿನ ಮೂಲೆಯಲ್ಲಿ ಕೂತು ಅತ್ತಿದ್ದ. ಬೈಸಿಕೊಂಡಿದ್ದಕ್ಕಲ್ಲ. ಹಾಕಬೇಡ ಎಂದು ಬೈಯುವವರನ್ನೇ ಕಂಡಿದ್ದವನಿಗೆ ಹಾಕು ಎಂದು ಬೈಯುವವನು ಸಿಕ್ಕಿದ್ದ.

ಫೌಜಿನಲ್ಲಿ ಜಾತಿಯೇ ಇರಲಿಲ್ಲ ಎಂದರೆ ಸುಳ್ಳಾದೀತು. ಅದು ಊಟದ ಸಾಲಿನಲ್ಲಿತ್ತು, ನೀರಿನ ಮಗ್ಗಿನಲ್ಲಿತ್ತು, ‘ನೀನು ಯಾವ ಪೈಕಿ’ ಎಂಬ ನಗುಮುಖದ ಪ್ರಶ್ನೆಯಲ್ಲಿತ್ತು. ಗೇಟಿನ ಕನ್ನಡಿಯ ಮುಂದೆ ಮಾತ್ರ ಇರಲಿಲ್ಲ. ಅಲ್ಲಿ ಬ್ರಾಹ್ಮಣನ ಕೂದಲಿಗೂ ಜಾಟನ ಕೂದಲಿಗೂ ಒಂದೇ ಕತ್ತರಿ. ಅಷ್ಟಗಲದ ಜಾಗವನ್ನು ಸಾಯಬಣ್ಣ ಹಗಲೂ ಇರುಳೂ ಕಾದ.

ಆ ವರ್ಷ ಕ್ಯಾಂಪಿಗೆ ಹೊಸದಾಗಿ ಬಂದವರಲ್ಲಿ ಪರಪ್ಪ ಎಂಬ ಹುಡುಗನಿದ್ದ. ಸಾಯಬಣ್ಣನ ಊರಿನಿಂದ ಒಂದು ಹಳ್ಳ ದಾಟಿದರೆ ಅವನ ಊರು. ಅವನದೂ ಅಂಥದೇ ಕೇರಿ. ಮಾತು ಕಡಿಮೆ, ಕೆಲಸ ಚೊಕ್ಕ. ಅವನನ್ನು ನಿಲ್ಲಿಸಿ ತಪ್ಪು ಹುಡುಕುವುದಕ್ಕೆ ಸಾಯಬಣ್ಣನೇ ಸೋಲುತ್ತಿದ್ದ. ಭಾನುವಾರ ಭಾಂಡುಪ್‌ನ ಚಾಳಿನ ತನ್ನ ಖೋಲಿಗೆ ಅವನನ್ನು ಕರೆದುಕೊಂಡು ಹೋದರೆ ಹೆಂಡತಿ ಸುಂದ್ರವ್ವ ರೊಟ್ಟಿ ಬಡಿದು ಹಾಕುವಳು. ಕ್ಯಾಂಪಿನಲ್ಲಿ ‘ಸಾಬ್ರ’ ಎನ್ನುತ್ತಿದ್ದ ಹುಡುಗ ಖೋಲಿಯ ಹೊಸ್ತಿಲು ದಾಟಿದೊಡನೆ ‘ಕಾಕಾ’ ಎನ್ನುತ್ತಿದ್ದ.

ಪರಪ್ಪನ ತಂಗಿಯ ಮದುವೆ ಗೊತ್ತಾಯಿತು. ರಜೆ ಸಿಕ್ಕಿತು. ಆಗ ಆ ಕ್ಯಾಂಪಿನಲ್ಲಿ ಒಂದು ಹುಕುಂ ಇತ್ತು: ರಜೆಗೆ ಹೋಗುವವನು ಯೂನಿಫಾರ್ಮಿನಲ್ಲೇ ಊರು ಮುಟ್ಟಬೇಕು, ಯೂನಿಫಾರ್ಮಿನಲ್ಲೇ ಮರಳಬೇಕು. ಗೆದ್ದು ಬಂದ ಫೌಜು ಜನರ ಕಣ್ಣಿಗೆ ಬೀಳಲಿ ಎಂಬುದು ದೊಡ್ಡ ಸಾಹೇಬರ ಆಸೆ. ಪರಪ್ಪ ಕನ್ನಡಿಯ ಮುಂದೆ ನಿಂತ, ಸಾಯಬಣ್ಣನ ಮುಂದೆ ನಿಂತ, ಎರಡನ್ನೂ ಗೆದ್ದು ಟ್ರಂಕು ಹೊತ್ತು ಹೊರಟ.

ಅವನು ಹೋದ ಮೇಲೆ ಸಾಯಬಣ್ಣನಿಗೆ ನೆನಪಾಯಿತು. ಮದುಮಗಳಿಗೆಂದು ಸುಂದ್ರವ್ವ ಕೊಟ್ಟು ಕಳಿಸಿದ್ದ ಸೀರೆ, ಕುಬಸದ ಖಣ ತನ್ನ ಪೆಟ್ಟಿಗೆಯಲ್ಲೇ ಉಳಿದಿದ್ದವು. ಡ್ಯೂಟಿಯ ಹೊತ್ತಿನಲ್ಲಿ ಮನೆಯ ಮಾತು ಆಡದ ತನ್ನ ಹಟಕ್ಕೆ ತಾನೇ ಬೈದುಕೊಂಡ. ಸೊಲ್ಲಾಪುರದ ಗಾಡಿ ಸಂಜೆಗೆ. ಡ್ಯೂಟಿ ಬಿಟ್ಟವನೇ ಗಂಟು ಹಿಡಿದುಕೊಂಡು ಲೋಕಲ್ಲಿನಲ್ಲಿ ನೇತಾಡುತ್ತ ದಾದರಿಗೆ ಬಂದ.

ಪ್ಲಾಟ್‌ಫಾರ್ಮ್ ತುಂಬ ನಮ್ಮ ಕಡೆಯ ಜನ. ಗಂಟು, ಮೂಟೆ, ಕಂಕುಳಲ್ಲಿ ಕೂಸು, ಕಟ್ಟಡದ ಕೆಲಸ ಮಾಡಿ ಸಿಮೆಂಟು ಹತ್ತಿದ ಕಾಲು. ಸಾಯಬಣ್ಣ ಹಸಿರು ಯೂನಿಫಾರ್ಮ್ ಹುಡುಕುತ್ತ ಈ ತುದಿಯಿಂದ ಆ ತುದಿಗೆ ನಡೆದ. ಇಲ್ಲ. ಕೊನೆಗೆ ನೀರಿನ ನಲ್ಲಿಯ ಹತ್ತಿರ ಕಂಬದ ಮರೆಯಲ್ಲಿ ಪರಿಚಯದ ಟ್ರಂಕು ಕಂಡಿತು. ಅದರ ಮೇಲೆ ಕೂತವನು ಮಾಸಿದ ಮೋಟು ಧೋತರ, ಗುಂಡಿಯಿಲ್ಲದ ಅಂಗಿ ಹಾಕಿಕೊಂಡಿದ್ದ. ಬರಿಗಾಲು. ಹೆಗಲು ಕೂಡ ಬೇರೆಯವರದು ಎನ್ನುವ ಹಾಗೆ ಕೆಳಗಿಳಿದಿತ್ತು.

“ಪರಪ್ಪಾ!”

ಹುಡುಗ ಎದ್ದು ಬರಿಗಾಲಲ್ಲೇ ಅಟೆನ್ಶನ್ ಆದ.

“ಏನಲೇ ಇದು?”

“ಮುಫ್ತಿ ರೀ, ಸಾಬ್ರ.”

“ಮುಫ್ತಿ ಅಂದ್ರ ಪ್ಯಾಂಟ್ ಶರ್ಟ್. ಇದೇನು, ನಿಮ್ಮಪ್ಪನ ಧೋತರ?”

“ಹೌದ್ರಿ. ಅಪ್ಪಂದ.”

ಸಾಯಬಣ್ಣನಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

“ಬೂಟ್ ಎಲ್ಲಿ?”

“ಟ್ರಂಕಿನಾಗ ಅದಾವ್ರಿ.”

“ಬೂಟ್ ಟ್ರಂಕಿನಾಗ, ಕಾಲು ನೆಲದ ಮ್ಯಾಲ. ಊರ ಅಗಸಿ ಇನ್ನೂ ಎಲ್ಲಿ ಅದ, ದಾದರದಾಗ ಯಾಕ ಬಿಚ್ಚೀಯಲೇ?”

“ಈ ಗಾಡಿಗೆ ನಮ್ಮೂರವರು ಬರ್ತಾರ್ರಿ. ನೋಡಿದವರು ನನಗಿಂತ ಮೊದಲ ಊರಾಗ ಹೋಗಿ ಹೇಳ್ತಾರ.” ಹುಡುಗ ತನ್ನ ಪಾದಗಳ ಕಡೆ ನೋಡಿದ. “ಮತ್ತ ಕಾಲಿಗೂ ರೂಢಿ ಆಗಬೇಕಲ್ರಿ ಕಾಕಾ. ಬೂಟಿನಾಗ ಇದ್ದು ಇದ್ದು ಅಂಗಾಲು ಮೆತ್ತಗಾಗ್ಯಾವ. ಮುಳ್ಳು ತಡ್ಯೂದಿಲ್ಲ.”

ಆ ಮಾತು ಸಾಯಬಣ್ಣನ ಎದೆಯಲ್ಲಿ ಎಲ್ಲಿ ಹೋಗಿ ಕೂತಿತೋ. ತನ್ನ ಅಪ್ಪನ ಪಾದಗಳು ಕಣ್ಣೆದುರು ಬಂದವು. ಅವನು ಗದರಿದ.

“ಇಲ್ಲೇ ಚಾರ್ಜ್ ಹಾಕ್ತೀನಿ ನೋಡು. ರಜಾ ಕ್ಯಾನ್ಸಲ್. ತಂಗಿ ಮದಿವಿ ಕೊಲಾಬಾದಾಗ ಕುಂತು ಮಾಡುವಂತಿ. ಹೋಗು, ಹಾಕ್ಕೊಂಡ್ ಬಾ!”

ಪರಪ್ಪ ಟ್ರಂಕು ಹೊತ್ತು ವೇಟಿಂಗ್ ರೂಮಿಗೆ ಹೋದ. ಬಂದಾಗ ಸಿಪಾಯಿಯಾಗಿ ಬಂದ. ಸಾಯಬಣ್ಣ ಅವನನ್ನು ಪ್ಲಾಟ್‌ಫಾರ್ಮಿನ ನಡುವೆ ನಿಲ್ಲಿಸಿ, ಇಡೀ ದಾದರ್ ಸ್ಟೇಶನ್ನೇ ಪರೇಡ್ ಮೈದಾನವೆಂಬಂತೆ ಸುತ್ತ ತಿರುಗಿ ನೋಡಿದ. ಬೆಲ್ಟನ್ನು ಒಂದು ಎಳೆ ಬಿಗಿಮಾಡಿದ. ಗಂಟುಮೂಟೆಯ ಜನ ಬಾಯಿ ಬಿಟ್ಟುಕೊಂಡು ಸುತ್ತ ಕೂಡಿದರು. ಒಬ್ಬ ಮುದುಕಿ, “ಯಾರ ಮಗಾನೋ ಯಪ್ಪಾ, ರಾಜಾ ಕಂಡಂಗ ಕಾಣ್ತಾನ,” ಎಂದು ನೆಟಿಕೆ ಮುರಿದಳು.

ಆಗಲೇ ಹಿಂದಿನಿಂದ ಒಂದು ದನಿ ಬಂತು.

“ಏ, ಪರ‍್ಯಾ ಅಲ್ಲೇನಲೇ ನೀ? ಹನುಮವ್ವನ ಮಗ?”

ಬಿಳಿ ಧೋತರ, ಮೇಲೆ ಜಾಕೀಟು, ಬಾಯಲ್ಲಿ ಎಲೆಯಡಿಕೆ. ಬಸವಂತರಾಯ. ಪರಪ್ಪನ ಊರಿನ ಗೌಡರ ಮನೆಯ ಹಿರಿಮಗ. ಭಾಂಡುಪ್ ಕಡೆಯ ಕಾರ್ಖಾನೆಗಳಿಗೆ ಊರಿಂದ ಆಳುಗಳನ್ನು ತಂದು ಹಾಕುವ ಗುತ್ತಿಗೆದಾರ. ಊರಿನ ಗೌಡಕಿ ತಮ್ಮನ ಕೈಯಲ್ಲಿ, ಮುಂಬಯಿಯ ಗೌಡಕಿ ಇವನ ಕೈಯಲ್ಲಿ. ಅವನ ಕಣ್ಣು ಪರಪ್ಪನ ಟೋಪಿಯಿಂದ ಶುರುವಾಗಿ ಬೂಟಿನವರೆಗೆ ಇಳಿಯಿತು. ಸಾಯಬಣ್ಣನಿಗೆ ಆ ನೋಟ ಗೊತ್ತಿತ್ತು. ಅದೂ ತಪಾಸಣೆಯೇ.

“ಊರಿಗೆ ಹೊಂಟೀಯೇನು? ಹಿಂಗ?” ಎಂದ ಬಸವಂತರಾಯ.

ಪರಪ್ಪನ ಕೈ ಟೋಪಿಯ ಕಡೆ ಏಳತೊಡಗಿತು. ತೆಗೆಯಲಿಕ್ಕೆ. ಸಾಯಬಣ್ಣನ ಬೆತ್ತ ಆ ಕೈಯನ್ನು ಮೆಲ್ಲಗೆ ತಡೆಯಿತು.

“ಸರ್ಕಾರದ ಹುಕುಂ ಅದ್ರಿ, ಯಜಮಾನ್ರ. ಹಿಂಗ ಹೋಗಬೇಕು,” ಎಂದ ಸಾಯಬಣ್ಣ.

“ಅಲ್ರಿ ಹವಾಲ್ದಾರ್ರ, ಸರ್ಕಾರ ಸರ್ಕಾರದ ಜಾಗಾದಾಗಿರಲಿ, ಊರು ಊರಿನ ಜಾಗಾದಾಗಿರಲಿ. ಹುಡುಗಗ ನಾಕು ಬುದ್ಧಿ ಮಾತು ಹೇಳೂದು ಬಿಟ್ಟು...” ಬಸವಂತರಾಯ ಉಗುಳಲು ಜಾಗ ಹುಡುಕಿ ಹಳಿಯ ಮೇಲೆ ಉಗುಳಿದ. “ನೀವೂ ನಮ್ಮ ಕಡೆಯವರ ಮಾತಾಡ್ತೀರಿ. ಯಾರ ಪೈಕಿ?”

“ಫೌಜಿನ ಪೈಕಿ.”

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಬಸವಂತರಾಯನೂ ನಕ್ಕ, ಹಲ್ಲಿನಿಂದ ಮಾತ್ರ. ಗಾಡಿ ಬಂತು. ಸಾಯಬಣ್ಣ ಸೀರೆಯ ಗಂಟನ್ನು ಪರಪ್ಪನ ಕೈಗಿತ್ತು, “ತಲಿ ಎತ್ತಿ ನಡಿ,” ಎಂದ. ಹುಡುಗ ತಲೆ ಎತ್ತಿಯೇ ಹತ್ತಿದ.

ಮನೆಗೆ ಬಂದು ಎದೆಯುಬ್ಬಿಸಿ ಹೇಳಿದಾಗ ಸುಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನೀವು ಇಲ್ಲಿ ನಿಂತು ಬೂಟ್ ಹಾಕ್ಸಿದ್ರಿ. ಅಲ್ಲಿ ಬಿಚ್ಚಸವರು ಬ್ಯಾರೇನ ಅದಾರಲ್ಲ. ಹುಡುಗನ ಜೋಡಿ ನೀವರೆ ಹೋಗೀರೇನು?”

ಸಾಯಬಣ್ಣ ಉಣ್ಣಲು ಕೂತವನು ಬಹಳ ಹೊತ್ತು ಮೊದಲ ತುತ್ತನ್ನೇ ಅಗಿಯುತ್ತಿದ್ದ.

ರಜೆ ಮುಗಿಯುವ ದಿನ ಬಂತು. ಅಂದು ಅವನು ಗೇಟು ಬಿಟ್ಟು ಕದಲಲಿಲ್ಲ. ಮೋನಪ್ಪ ಚಹಾ ತಂದುಕೊಟ್ಟು, “ಎಂತ, ಮಗನನ್ನು ಕಾಯ್ತಾ ಇದ್ದೀರಾ?” ಎಂದರೆ, “ಗೇಟ್ ಕಾಯ್ತಿದೀನಿ,” ಎಂದ. ಬಿಸಿಲು ಏರುವ ಹೊತ್ತಿಗೆ ಪರಪ್ಪ ಟ್ರಂಕು ಹೊತ್ತು ಬರುವುದು ಕಂಡಿತು. ನೆಟ್ಟಗಿದ್ದ. ಬೂಟು ಹೊಳೆಯುತ್ತಿತ್ತು. ಸಾಯಬಣ್ಣನ ಎದೆಯ ಮೇಲಿನ ಕಲ್ಲು ಇಳಿಯಿತು.

ಪರಪ್ಪ ಕನ್ನಡಿಯೆದುರು ನಿಂತು ಇವನೆದುರಿಗೆ ಬಂದ. ಸಾಯಬಣ್ಣ ನೋಡಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಾಯಿತು. ಊರಿಂದ ಸೊಲ್ಲಾಪುರಕ್ಕೆ ಒಂದು ಗಾಡಿ, ಸೊಲ್ಲಾಪುರದಿಂದ ಇಲ್ಲಿಗೆ ಇನ್ನೊಂದು. ರಾತ್ರಿಯೆಲ್ಲ ಜನರಲ್ ಡಬ್ಬಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಂದವನ ಅಂಗಿಯಲ್ಲಿ ಒಂದು ಸುಕ್ಕೂ ಇಲ್ಲ. ಗಂಜಿಯ ಗರಿ ಇನ್ನೂ ಮುರಿದಿಲ್ಲ. ಇಂಜಿನಿನ ಮಸಿಯ ಒಂದು ಕಣವೂ ಇಲ್ಲ. ಹೀಗೆ ಯಾವ ಸಿಪಾಯಿಯೂ ರಜೆಯಿಂದ ಮರಳಿದ್ದನ್ನು ಅವನು ಕಂಡಿರಲಿಲ್ಲ.

ರೂಢಿಯಂತೆ ಹೆಬ್ಬೆರಳು ಜೇಬಿನ ಮೇಲೆ ಹರಿಯಿತು. ಅಲ್ಲೇ ನಿಂತಿತು. ಜೇಬಿನಿಂದ ಹೆಗಲಿನವರೆಗೆ ಬಟ್ಟೆಯೊಳಗೆ ಕಾಣದ ಒಂದು ಏರು ಇತ್ತು. ಎಳೆಗೆ ಎಳೆ ಕೂಡಿಸಿ ನೇಯ್ದಂತೆ ಮಾಡಿದ ಹೊಲಿಗೆ.

“ರಫೂ ಯಾರ ಹತ್ರ ಮಾಡಿಸೀದಿ?” ಮೆಲ್ಲಗೆ ಕೇಳಿದ.

ಪರಪ್ಪನ ಮುಖ ಬಿಳಿಚಿತು. “ದಾದರ್ ಮಾರ್ಕೆಟ್ಟಿನಾಗ್ರಿ. ಗಾಡಿ ಇಳದು ಸೀದಾ ಅಲ್ಲೇ ಹೋದ್ಯಾ. ಒಗಸಿ, ಇಸ್ತ್ರಿನೂ ಮಾಡಿಸೀನ್ರಿ. ಚಾರ್ಜ್ ಹಾಕಬ್ಯಾಡ್ರಿ ಸಾಬ್ರ.”

“ಹೆಂಗ ಹರೀತು?”

“ಮುಳ್ಳಿಗೆ ಸಿಕ್ಕಿತ್ರಿ.”

“ಮುಳ್ಳು ಕೆಳಗಿಂದ ಹರೀತದ. ಇದು ಮ್ಯಾಲಿಂದ ಹರದದ. ಯಾರ ಕೈ?”

ಪರಪ್ಪ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. ಸಾಯಬಣ್ಣ ಅವನನ್ನು ಕಾವಲಿನ ಕೋಣೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿದ. ಆಗ ಮಾತು ಬಂತು, ಚೂರು ಚೂರಾಗಿ. ಬಸವಂತರಾಯ ಅದೇ ಗಾಡಿಯಲ್ಲಿ ಹೋಗಿ ತಮ್ಮನಿಗೆ ಮೊದಲೇ ಹೇಳಿಟ್ಟಿದ್ದ. ಅಗಸಿಯಲ್ಲಿ ಜನ ಕಾಯುತ್ತ ಕೂತಿದ್ದರು. ‘ಸಾಹೇಬ್ರು ಬಂದ್ರು’ ಎಂದು ಒಬ್ಬ ಸಲಾಮು ಹೊಡೆದ. ಇನ್ನೊಬ್ಬ ಟೋಪಿ ಹಾರಿಸಿದ. ಬಸವಂತರಾಯನ ತಮ್ಮ ಎದ್ದು ಬಂದು ಜೇಬಿಗೇ ಕೈ ಹಾಕಿ ಎಳೆದ. ಬೂಟು ಬಿಚ್ಚಿಸಿ, ಎರಡನ್ನೂ ಅವನ ತಲೆಯ ಮೇಲೆ ಇಟ್ಟು, ಕೇರಿಯವರೆಗೆ ಹಾಗೇ ನಡೆಸಿದರು. ಅವ್ವ ಹನುಮವ್ವ ಗುಡಿಸಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಂಗಿಯ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವಾಗ ಪರಪ್ಪ ಯಾರದೋ ಅಂಗಿ ತೊಟ್ಟು ಹಿಂದೆ ನಿಂತಿದ್ದ.

“ಪೊಲೀಸರ ಹತ್ರ ಹೋಗಲಿಲ್ಲೇನು?”

“ಅಪ್ಪ ಕಾಲ ಹಿಡಕೊಂಡ್ರಿ, ಬ್ಯಾಡ ಅಂತ. ಮತ್ತ ಹೋಗಿ ಏನ ತೋರಸ್ಲಿ? ಪೆಟ್ಟಿಲ್ಲ, ರಗತ ಇಲ್ಲ.” ಹುಡುಗ ಅಂಗಿಯ ಅಂಚನ್ನು ನೀವಿದ. “ನನಗ ನಿಮ್ಮದ ಅಂಜಿಕಿ ಇತ್ತು ಕಾಕಾ. ಹರಕ ಅಂಗಿ ಹಾಕ್ಕೊಂಡು ನಿಮ್ಮ ಮುಂದ ಹೆಂಗ ನಿಲ್ಲಲಿ? ಅದಕ್ಕ ಚಲೋ ರಫೂಗಾರನ್ನ ಹುಡಕಿದ್ಯಾ. ಗೊತ್ತ ಆಗೂದಿಲ್ಲ ಅಂದಿದ್ದ ಅಂವ.”

ಸಾಯಬಣ್ಣ ಕುರ್ಚಿಯ ಮೇಲೆ ಕೂತ. ಹೊರಗೆ ಸಮುದ್ರ ಮೊರೆಯುತ್ತಿತ್ತು. ತಾನು ಕಲಿಸಿದ ಅಚ್ಚುಕಟ್ಟು ಈ ಹುಡುಗನ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅವನು ಅಗಸಿಯವರು ಮಾಡಿದ ಅನ್ಯಾಯವನ್ನು ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಒಂದು ಎಳೆಯೂ ಕಾಣದ ಹಾಗೆ ಮುಚ್ಚಿಕೊಂಡು ಬಂದಿದ್ದ. ಹರಿದವನ ಗುರುತನ್ನು ಹರಿಸಿಕೊಂಡವನೇ ಅಳಿಸಿದ್ದ. ಇನ್ನು ಯಾರಿಗೆ ಏನೆಂದು ಹೇಳುವುದು?

ಈ ದೇಶದ ಕಾನೂನನ್ನು ಸಾಯಬಣ್ಣ ಗೇಟಿನಲ್ಲಿ ನಿಂತೇ ಓದಿದ್ದ. ಅವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು. ಕೇರಿಯ ಹುಡುಗನ ಮೇಲೆ ಗೌಡ ಕೈ ಮಾಡಿದರೆ ಅದು ಊರಿನ ಜಗಳ. ಪೊಲೀಸ್ ಫೌಜದಾರ ಗೌಡನ ಮನೆಯಲ್ಲಿ ಚಹಾ ಕುಡಿದು ಹೋಗುತ್ತಾನೆ. ಸರ್ಕಾರದ ಅಂಗಿಯ ಮೇಲೆ ಕೈ ಮಾಡಿದರೆ ಮಾತು ಬೇರೆ. ಒಂದು ಗುಂಡಿ ಕಳೆದರೂ ಇಲ್ಲಿ ವಿಚಾರಣೆ ಕೂರುತ್ತದೆ, ಯಾರು, ಎಲ್ಲಿ, ಹೇಗೆ ಎಂದು ಬರೆಯಲೇಬೇಕಾಗುತ್ತದೆ. ಈ ಹುಡುಗನ ಮೈಗೆ ಇಲ್ಲದ ಬೆಲೆ ಅದರ ಮೇಲಿನ ಬಟ್ಟೆಗೆ ಇತ್ತು. ಥೂ, ಎಂಥ ಬೆಲೆ! ಆದರೂ ಇದ್ದದ್ದು ಅದೊಂದೇ.

ಅವನು ಜೇಬಿನಿಂದ ಬ್ಲೇಡು ತೆಗೆದ.

“ಅಂಗಿ ಬಿಚ್ಚು.”

“ಸಾಬ್ರ...”

“ಬಿಚ್ಚಲೇ!”

ಮೇಜಿನ ಮೇಲೆ ಅಂಗಿ ಹಾಸಿ, ಬೆಳಕಿಗೆ ಹಿಡಿದು, ರಫೂಗಾರನ ಒಂದೊಂದೇ ಎಳೆಯನ್ನು ಕೊಯ್ಯತೊಡಗಿದ. ಸರ್ಕಾರದ ನೂಲು ಒಂದೂ ಕೊಯ್ಯದ ಹಾಗೆ, ದಾದರಿನ ನೂಲು ಮಾತ್ರ ಹೊರಬರುವ ಹಾಗೆ.

“ಬ್ಯಾಡ್ರಿ ಕಾಕಾ. ಹರದದ್ದು ಎಲ್ಲಾರೂ ನೋಡ್ತಾರ್ರಿ. ಅಲ್ಲಿ ನೋಡಿದ್ದು ಸಾಲದಾತೇನು? ಇಲ್ಲಿ ನನಗ ಒಂದು ಮರ್ಯಾದಿ ಅದ...” ಅಗಸಿಯಲ್ಲಿ ಅಳದ ಹುಡುಗ ಈಗ ಬಿಕ್ಕುತ್ತಿದ್ದ.

ಸಾಯಬಣ್ಣನ ಕೈ ನಿಂತಿತು. ಅವನು ಬ್ಲೇಡನ್ನು ಮೇಜಿನ ಮೇಲಿಟ್ಟ.

“ನೋಡು ತಮ್ಮಾ, ಅರ್ಧಾ ಬಿಚ್ಚೀನಿ. ಇನ್ನರ್ಧ ನಿನ್ನ ಕೈಯಾಗ ಅದ. ಬ್ಯಾಡ ಅಂದ್ರ ಸುಂದ್ರವ್ವನ ಕಡಿಂದ ಹೊಲಿಸಿ ಕೊಡ್ತೀನಿ, ಯಾರಿಗೂ ಹೇಳೂದಿಲ್ಲ. ಆದ್ರ ಹರದದ್ದು ನಿನ್ನ ನಾಚಿಕಿ ಅಲ್ಲಲೇ. ಹರದಾಂವಂದು.”

ಪರಪ್ಪ ಬಿಚ್ಚಿಕೊಂಡ ಅಂಚನ್ನು ಬೆರಳಿನಿಂದ ಎತ್ತಿ ನೋಡಿದ. ಆಮೇಲೆ ಮೂಗು ಒರೆಸಿಕೊಂಡು, ಬ್ಲೇಡು ಎತ್ತಿಕೊಂಡ. ಉಳಿದ ಎಳೆಗಳನ್ನು ತಾನೇ ಕೊಯ್ದ. ಜೇಬು ನಾಲಿಗೆಯ ಹಾಗೆ ಜೋತುಬಿತ್ತು.

ಅಂದು ಕ್ಯಾಂಪಿನವರು ಕಂಡದ್ದನ್ನು ಯಾರೂ ನಂಬಲಿಲ್ಲ. ಶೀಶಾ ಹವಾಲ್ದಾರ್ ಹರಕು ಅಂಗಿಯ ಸಿಪಾಯಿಯನ್ನು ಮೈದಾನದ ನಟ್ಟನಡುವೆ ಮಾರ್ಚ್ ಮಾಡಿಸಿಕೊಂಡು ಹೊರಟಿದ್ದ. ಮರದ ನೆರಳಿನ ಮರೆಯ ದಾರಿ ಇತ್ತು, ಅದನ್ನು ಬಿಟ್ಟಿದ್ದ. ಕೂದಲು ಕೊಯ್ಯಿಸಿಕೊಳ್ಳುತ್ತಿದ್ದವರು ಅರ್ಧ ತಲೆಯಲ್ಲೇ ಎದ್ದು ನಿಂತರು. “ಲೆಫ್ಟ್, ರೈಟ್, ಲೆಫ್ಟ್!” ಎಂಬ ಅವನ ದನಿ ಎಂದಿಗಿಂತ ಗಟ್ಟಿಯಾಗಿತ್ತು.

ಪಂಜಾಬಿ ಕ್ಯಾಪ್ಟನ್ ಸಾಹೇಬ ತಲೆ ಎತ್ತಿ ನೋಡಿ ಪೆನ್ನು ಕೆಳಗಿಟ್ಟ. “ಯೆ ಕ್ಯಾ ಹಾಲತ್ ಹೈ? ಕಿಸ್‌ನೆ ಭೇಜಾ ಇಸ್ಕೊ ಐಸೇ?”

“ಮೈನೇ, ಸಾಬ್,” ಎಂದ ಸಾಯಬಣ್ಣ, ಹೀಗೆ ಕರೆತಂದವನು ತಾನೇ ಎಂದು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ರಫೂ ಮಾಡಿಸಿದ್ದನ್ನೂ ಬಿಚ್ಚಿದ್ದನ್ನೂ ಬಚ್ಚಿಡಲಿಲ್ಲ. ಟೋಪಿ, ಬೂಟು, ತಲೆ ಎಂದಾಗ ಕ್ಯಾಪ್ಟನ್ನನ ಕಿವಿ ಕೆಂಪಾಯಿತು. ಅವನು ಹರಿದ ಜಾಗವನ್ನು ಬೆರಳಿನಿಂದ ಮುಟ್ಟಿ, “ಸರ್ಕಾರೀ ವರ್ದೀ ಪರ್ ಹಾಥ್?” ಎಂದ. ಸಾಯಬಣ್ಣ ಎಣಿಸಿದ್ದೇ ಆಯಿತು. ಕ್ಯಾಪ್ಟನ್ನನ ಬಾಯಿಗೆ ಮೊದಲು ಬಂದದ್ದು ವರ್ದಿ, ಸರ್ಕಾರದ ಅಂಗಿ.

ಕಾಗದ ಜಿಲ್ಲೆಗೆ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಫೌಜದಾರ ಆ ಊರಿಗೆ ಬಂದ. ಗೌಡರ ಮನೆಯ ಚಹಾ ಕುಡಿಯದೆ ನೇರ ಅಗಸಿಗೆ ಹೋಗಿ, “ಸರ್ಕಾರದ ಅಂಗಿ ಹರದವರು ಯಾರು?” ಎಂದು ಕೇಳಿದನಂತೆ. ಕಟ್ಟೆಯ ಮೇಲಿನವರು ಮೊದಲು ನಕ್ಕರಂತೆ.

ಆಮೇಲೆ ಬಸವಂತರಾಯ ಕೊಲಾಬಾದ ಗೇಟಿಗೆ ಬಂದ. ಕಂಕುಳಲ್ಲಿ ಹಸಿರು ಬಟ್ಟೆಯ ಕಟ್ಟು.

“ಹವಾಲ್ದಾರ್ರ, ಒಂದು ಅಂಗಿಗೆ ಇಷ್ಟ್ಯಾಕ್ರಿ? ಅದೇ ಬಣ್ಣದ್ದು ಥಾನಿನಿಂದ ಹರಿಸಿ ತಂದೀನಿ. ಮುಳ್ಳಿಗೆ ಹರೀತು ಅಂತ ಹುಡುಗ ಒಂದು ಮಾತು ಬರಕೊ‌ಟ್ರ ಮುಗೀತು.”

“ಅಂಗಿ ನಂದಲ್ರಿ. ಅವನ್ನ ಕೇಳ್ರಿ,” ಎಂದು ಸಾಯಬಣ್ಣ ಪರಪ್ಪನನ್ನು ಕರೆಸಿದ.

ಬಸವಂತರಾಯನ ದನಿ ಬೆಲ್ಲವಾಯಿತು. “ಪರ‍್ಯಾ... ಪರಪ್ಪಾ, ನೋಡಪಾ. ನಿಮ್ಮವ್ವ ಊರಾಗ ಅದಾಳ. ನಾಳಿ ನೀರು ನೆಳ್ಳು ಬೇಕಾಗ್ತದ.”

“ಊರಾಗ ಇಲ್ರಿ, ಗೌಡ್ರ,” ಎಂದ ಪರಪ್ಪ. “ಅಪ್ಪ, ಅವ್ವ ಇಬ್ಬರನೂ ಕರಕೊಂಡ್ ಬಂದೀನಿ. ಭಾಂಡುಪದಾಗ ಅದಾರ, ಕಾಕಾನ ಖೋಲಿ ಬಾಜೂಕ. ಅಂಗಿ ಮುಳ್ಳಿಗೆ ಹರದಿಲ್ರಿ. ನಿಮ್ಮ ತಮ್ಮನ ಕೈಯಾಗ ಹರೀತು. ಯಾರ ಕೇಳಿದ್ರೂ ಅದನ್ನ ಹೇಳ್ತೀನಿ.”

ಬಸವಂತರಾಯ ಬಟ್ಟೆಯ ಕಟ್ಟನ್ನು ಮತ್ತೆ ಕಂಕುಳಿಗೇರಿಸಿ, ಮೋನಪ್ಪನ ಕ್ಯಾಂಟೀನಿನ ಮುಂದೆ ಹಾದು ಬಿಸಿಲಿಗೆ ಇಳಿದ.

ಕೇಸು ವರ್ಷಗಟ್ಟಲೆ ಎಳೆಯಿತು. ಬಸವಂತರಾಯನ ತಮ್ಮ ತಾಲೂಕಿನ ಕೋರ್ಟಿಗೆ ಅಲೆದ, ಹೊರಗೆ ಜಗಲಿಯ ಮೇಲೆ ಎಲ್ಲರ ನಡುವೆ ಕೂತ, ಕೂಗಿದಾಗ ಎದ್ದು ಕೈಕಟ್ಟಿ ನಿಂತ. ಕೊನೆಗೆ ಸರ್ಕಾರದ ವಸ್ತು ಕೆಡಿಸಿದ್ದಕ್ಕೆ ದಂಡ ಬಿತ್ತು. ಅಷ್ಟೇ. ಹಾರಿಸಿದ ಟೋಪಿಯ ಮಾತು ಅದರಲ್ಲಿರಲಿಲ್ಲ. ತಲೆಯ ಮೇಲೆ ಹೊರಿಸಿದ ಬೂಟಿನ ಮಾತೂ ಇರಲಿಲ್ಲ.

ಆ ತೀರ್ಪಿನ ಕಾಗದ ಬರುವ ಹೊತ್ತಿಗೆ ಸಾಯಬಣ್ಣನ ನೌಕರಿ ಮುಗಿದಿತ್ತು. ಚಾಳಿನ ಗ್ಯಾಲರಿಯಲ್ಲಿ ಕೂತು ಅವನು ಹನುಮವ್ವನಿಗೆ ಅದನ್ನು ಓದಿ ಹೇಳಿದ. ಮುದುಕಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿದಳು. ಮುಗಿದ ಮೇಲೆ ಮೊರ ಕೆಳಗಿಟ್ಟಳು.

“ನನ್ನ ಮಗನ ಹೆಸರು ಬಂದದೇನು?”

“ಬಂದದ ಯವ್ವಾ. ಅಂಗಿ ತೊಟ್ಟಿದ್ದಾಂವ ಅಂತ ಬಂದದ.”

“ಅಂವಗ ಏನ ಮಾಡಿದ್ರು ಅಂತ?”

“ಅದು ಬಂದಿಲ್ಲ.”

ಹನುಮವ್ವ ಮೊರದೊಳಗಿಂದ ಒಂದು ಕಲ್ಲು ಆರಿಸಿ ಆಚೆ ಎಸೆದಳು.

“ಕೋರ್ಟಿನವರು ಬರೀಲಿಲ್ಲ ಅಂದ್ರ ಬಿಡ್ರಿ. ನಿಮಗ ಗೊತ್ತದ, ನನಗ ಗೊತ್ತದ. ನೀವ ಹೇಳ್ರಿ, ಬಂದವರಿಗೆಲ್ಲಾ. ಅಂಗೀದು ಹೇಳಬ್ಯಾಡ್ರಿ. ನನ್ನ ಮಗಂದು ಹೇಳ್ರಿ.”

ಅಂದಿನಿಂದ ಭಾನುವಾರ ಚಾಳಿನ ಹುಡುಗರು ಗ್ಯಾಲರಿಯಲ್ಲಿ ಸುತ್ತ ಕೂತು ಫೌಜಿನ ಕತೆ ಹೇಳಿರೆಂದು ಗಂಟುಬಿದ್ದಾಗ, ಸಾಯಬಣ್ಣ ಯುದ್ಧದಿಂದ ಶುರುಮಾಡುವುದಿಲ್ಲ. ಪರಪ್ಪ ಎಂಬ ಸಿಪಾಯಿ ಒಬ್ಬನಿದ್ದ ಎಂದು ಶುರುಮಾಡುತ್ತಾನೆ.